ಲಕ್ವಾ ಹೊಡೆದವರಿಗೆ ಕೂಡಲೇ ನೀರು ಕುಡಿಸಬಾರದೇಕೆ?

ಪ್ರಶ್ನೆ: ಲಕ್ವಾ ಹೊಡೆದು ಆಸ್ಪತ್ರೆ ಸೇರಿದವರಿಗೆ ದಾದಿಯರು ಗುಟುಕು ನೀರನ್ನೂ ಕೊಡದೆ, ಮೇಲಿಂದ ಮೇಲೆ ಎಬ್ಬಿಸಿ ಮಾತನಾಡಿಸುವುದೇಕೆ?
– ಓದುಗರು, ಬನಹಟ್ಟಿ

ಉತ್ತರ: ಮಿದುಳಿನ ರಕ್ತನಾಳ ಮುಚ್ಚಿಕೊಂಡಾಗ ಅಥವಾ ಒಡೆದಾಗ ಉಂಟಾಗುವ ಪಾರ್ಶ್ವವಾಯುವಿನಲ್ಲಿ ಕೈಕಾಲುಗಳಂತೆ ಗಂಟಲಿನ ಸ್ನಾಯುಗಳೂ ಬಲಗುಂದಬಹುದಾದುದರಿಂದ, ಕುಡಿಸಿದ ನೀರು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾಕ್ಕೆ ಕಾರಣವಾಗುವ ಅಪಾಯವಿದೆ, ಆದ್ದರಿಂದ ನುಂಗುವ ಶಕ್ತಿಯನ್ನು ಪರೀಕ್ಷಿಸುವವರೆಗೆ ಬಾಯಿಯ ಮೂಲಕ ಮಾತ್ರೆಯನ್ನೂ ಕೊಡುವುದಿಲ್ಲ. ಜ್ವರ, ರಕ್ತದ ಸಕ್ಕರೆ ಮತ್ತು ನುಂಗುವಿಕೆ ಈ ಮೂರನ್ನು ದಾದಿಯರು ಕ್ರಮಬದ್ಧವಾಗಿ ನೋಡಿಕೊಂಡಾಗ ಸಾವು ಮತ್ತು ಪರಾವಲಂಬನೆ ಕಡಿಮೆಯಾಗುತ್ತವೆಂದು 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದು ತೋರಿಸಿಕೊಟ್ಟಿದೆ.

ಮಾತನಾಡಿಸುವುದು ಪ್ರಜ್ಞೆಯ ಮಟ್ಟವನ್ನು ಅಳೆಯುವ ವಿಧಾನ. 1974ರಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ರೂಪಿಸಿದ ಗ್ಲಾಸ್ಗೋ ಮಾಪಕದಲ್ಲಿ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಚಲನೆಗೆ 6, ಹೀಗೆ ಗರಿಷ್ಠ 15 ಅಂಕಗಳಿದ್ದು, ಅಂಕ ಇಳಿಯತೊಡಗಿದರೆ ಮಿದುಳಿನ ಬಾವು ಅಥವಾ ರಕ್ತಸ್ರಾವ ಹೆಚ್ಚುತ್ತಿರಬಹುದೆಂದು ವೈದ್ಯರನ್ನು ಕರೆಯಲಾಗುತ್ತದೆ.

ಮನೆಯ ಆರೈಕೆಯಲ್ಲಿಯೂ ಹಾಸಿಗೆ ಹಿಡಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಒತ್ತುಹುಣ್ಣನ್ನು ತಡೆಯುವುದು, ಬಲಗುಂದಿದ ತೋಳನ್ನು ಹಿಡಿದೆಳೆಯದೆ ಭುಜದ ಕೀಲನ್ನು ಕಾಪಾಡುವುದು ಅತ್ಯಗತ್ಯ.

ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ, ಅದೂ ಸಿ.ಟಿ. ಸ್ಕ್ಯಾನ್‌ನಿಂದ ರಕ್ತಸ್ರಾವವಿಲ್ಲವೆಂದು ಖಚಿತವಾದ ಮೇಲೆಯೇ ಕೊಡಬೇಕಾಗುತ್ತದೆ. ಆದುದರಿಂದ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ನೇಕಾರರೂ ರೈತರೂ ಬಾಯಿ ಸೊಟ್ಟಗಾದುದನ್ನು, ಕೈ ಸೋತುದನ್ನು, ಮಾತು ತೊದಲಿದುದನ್ನು ಕಂಡೊಡನೆ ಆ ಗಳಿಗೆಯನ್ನು ಗುರುತಿಟ್ಟುಕೊಂಡು, ನಾಟಿ ಮದ್ದಿಗಾಗಿ ಅಲೆಯದೆ, 108ಕ್ಕೆ ಕರೆ ಮಾಡಬೇಕು.