ಅಕ್ಷರ ಒಲಿಯದ ಮಗುವಿಗೆ ಮನೆಪಾಠ

ಗೋಪಾಳದ ತಾಯಿಯೊಬ್ಬರು ಒಂಬತ್ತು ವರ್ಷದ ಮಗನನ್ನು ಕರೆತಂದು, ‘ಹಝ್ರತ್, ಇವನನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸುತ್ತೇನೆ’ ಎಂದರು. ಕೇಳಿದ ಸೂರಾವನ್ನು ತಪ್ಪಿಲ್ಲದೆ ಒಪ್ಪಿಸುವ ಹುಡುಗ; ಪುಟದ ಅಕ್ಷರ ಮಾತ್ರ ಒಲಿಯದು. ಮದ್ರಸದಲ್ಲಿ ನಾನೂ ಅವನನ್ನು ಸೋಮಾರಿ ಎಂದು ಗದರಿದ್ದೆ. ಅಲ್ಲಾಹನು ಕ್ಷಮಿಸಲಿ.

ಸಹೋದರರೇ, ಕಲಿಯಲು ಬಂದ ಅಂಧ ಸಹಾಬಿ ಅಬ್ದುಲ್ಲಾಹ್ ಇಬ್ನ್ ಉಮ್ಮು ಮಕ್ತೂಮ್(ರ)ರ ವಿಷಯದಲ್ಲೇ ‘ಅಬಸ’ ಅಧ್ಯಾಯ ಅವತೀರ್ಣವಾಯಿತು. ಮುಂದೆ ಅವರು ಮದೀನಾದಲ್ಲಿ ಅಝಾನ್ ಕೊಡುವವರಾದರು. ಕಲಿಯಬಯಸುವವನನ್ನು ಕಡೆಗಣಿಸಲು ನಮಗೆ ಅನುಮತಿಯಿಲ್ಲ.

ಮೊದಲು ಕಣ್ಣು, ಕಿವಿ ಪರೀಕ್ಷಿಸಿ. ಬಳಿಕ ಮೆಗ್ಗಾನ್ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವಿಚಾರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಪ್ರಮಾಣಪತ್ರವಿದ್ದರೆ ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚುವರಿ ಸಮಯದಂತಹ ರಿಯಾಯಿತಿ ಕೇಳಬಹುದು. ಆದ್ದರಿಂದ ಶಾಲೆಯಿಂದ ಹೆಸರು ತೆಗೆಸಲು ಅವಸರ ಬೇಡ. ಮನೆಯಲ್ಲೇ ಕಲಿತವರೂ 14 ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆ ಬರೆಯಬಹುದು.

ಮನೆಪಾಠಕ್ಕೆ ಆರಂಭದಲ್ಲಿ ಹದಿನೈದು ನಿಮಿಷ ಸಾಕು. ದಿನಕ್ಕೆ ಒಂದೇ ಅಕ್ಷರ. ತಟ್ಟೆಯಲ್ಲಿ ರವೆ ಹರಡಿ ಬೆರಳಿನಿಂದ ಬರೆಸಿ, ಬರೆಯುವಾಗಲೇ ಉಚ್ಚಾರ ಹೇಳಿಸಿ. ಮರುದಿನ ಹಿಂದಿನದನ್ನು ಕೇಳಿದ ನಂತರವೇ ಹೊಸದು. ಪಾಠ ನೀವು ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ. ಲೆಕ್ಕವನ್ನು ಅಂಗಡಿಯ ಚಿಲ್ಲರೆಯಲ್ಲಿ ಕಲಿಸಿ. ತಮ್ಮ ತಂಗಿಯರೊಂದಿಗೆ ಹೋಲಿಸಬೇಡಿ.

ತಂದೆಯಂದಿರೇ, ಇದನ್ನು ತಾಯಿಯೊಬ್ಬಳ ಹೆಗಲಿಗೆ ಹಾಕಬೇಡಿ. ಆ ಹುಡುಗನ ಹೆಸರು ಶಾಲೆಯಲ್ಲೇ ಇದೆ; ಸಂಜೆ ಮನೆಪಾಠ. ಮದ್ರಸದಲ್ಲಿ ಈಗ ನನ್ನ ಪಕ್ಕದಲ್ಲೇ ಕೂರುತ್ತಾನೆ. ನಾನು ಓದುತ್ತೇನೆ, ಅವನು ಕೇಳಿ ಕಲಿಯುತ್ತಾನೆ.