ಸಂಕೇತ ಸಿಕ್ಕಿತು, ಹಕ್ಕು ಯಾರದು?

ನಾನು ಸೇವೆಯಲ್ಲಿದ್ದ ಕಚೇರಿಯೊಂದರಲ್ಲಿ ಪಿಂಚಣಿ ಲೆಕ್ಕ ಹಾಕುವ ಹಳೆಯ ಕೋಬಾಲ್ ತಂತ್ರಾಂಶವಿತ್ತು. ನಿಯಮ ಬದಲಾದಾಗ ಅದನ್ನು ತಿದ್ದಬೇಕಾಯಿತು. ಆದರೆ ಮೂಲಸಂಕೇತ, ಅಂದರೆ ಸೋರ್ಸ್ ಕೋಡ್, ಎಲ್ಲಿಯೂ ಇರಲಿಲ್ಲ. ಕಡೆಗೆ ದಾಖಲೆ ಕೊಠಡಿಯಲ್ಲಿ ಅದರ ಮುದ್ರಿತ ಹಾಳೆಗಳ ಕಟ್ಟೊಂದು ದೊರೆಯಿತು. ತರುಣ ಎಂಜಿನಿಯರರು ವಾರಗಟ್ಟಲೆ ಕುಳಿತು ಅದನ್ನು ಮತ್ತೆ ಗಣಕಕ್ಕೆ ಊಡಿಸಿದರು.

ಇತರ ಕಚೇರಿಗಳೂ ಅದನ್ನು ಕೇಳಿದವು. ಕೊಡಲಾಗಲಿಲ್ಲ. ಬರೆದುಕೊಟ್ಟ ಸಂಸ್ಥೆ ಮುಚ್ಚಿತ್ತು. ಒಪ್ಪಂದದ ಕಡತವೇ ಕಾಣೆಯಾಗಿತ್ತು. ಸಹಿ ಹಾಕಲು ಹಿಂಜರಿದವರಲ್ಲಿ ನಾನೂ ಒಬ್ಬ.

ಕಳೆದುಹೋದ ಸಂಕೇತ ಸಿಕ್ಕಿದೊಡನೆ ಅದರ ಹಕ್ಕು ಸಿಕ್ಕಿದಂತಾಗದು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ದೃಷ್ಟಿಯಲ್ಲಿ ಗಣಕ ಕ್ರಮವಿಧಿಯೂ ಸಾಹಿತ್ಯ ಕೃತಿಯೇ. ಲೇಖಕನ ಮರಣಾನಂತರವೂ 60 ವರ್ಷ ಅದಕ್ಕೆ ರಕ್ಷಣೆಯುಂಟು. ಕಂಪನಿ ಮುಚ್ಚಿದರೆ ಹಕ್ಕು ಅಳಿಯುವುದಿಲ್ಲ. ಕೇಳಲು ಯಾರೂ ಇಲ್ಲದಂತಾಗುತ್ತದೆ, ಅಷ್ಟೆ.

ಒಡೆತನ ಖಚಿತವಿದ್ದಾಗಲೂ ಪರವಾನಗಿಯ ಮಾತು ಮುಖ್ಯ. ಎಂಎಸ್-ಡಾಸ್‌ನ ಆರಂಭದ ಆವೃತ್ತಿಗಳ ಸಂಕೇತವನ್ನು 2014ರಲ್ಲಿ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂ ಮೂಲಕ ಮೈಕ್ರೋಸಾಫ್ಟ್ ಬಿಡುಗಡೆ ಮಾಡಿದಾಗ, ವಾಣಿಜ್ಯೇತರ ಅಧ್ಯಯನಕ್ಕಷ್ಟೇ ಅನುಮತಿಯಿತ್ತು. 2018ರಲ್ಲಿ ಅದೇ ಸಂಕೇತ ಎಂಐಟಿ ಪರವಾನಗಿಯಡಿ ಬಂತು. ಬಳಸಲು, ತಿದ್ದಲು, ಹಂಚಲು ದಾರಿ ತೆರೆಯಿತು. ಸಿಪಿ/ಎಂ ಎಂಬ ಇನ್ನೂ ಹಳೆಯ ಕಾರ್ಯಾಚರಣೆ ವ್ಯವಸ್ಥೆಗೆ 2001ರಲ್ಲಿ ಕೊಟ್ಟ ಅನುಮತಿ ಎಲ್ಲರಿಗೂ ಅನ್ವಯಿಸುವುದೇ ಎಂಬ ಸಂಶಯ ಪರಿಹಾರವಾದದ್ದು 2022ರಲ್ಲಿ. ಅಸ್ಪಷ್ಟ ವಾಕ್ಯದ ಬೆಲೆ ಎರಡು ದಶಕ!

ಹಾಗಾದರೆ ಯಾವುದನ್ನು ಆರಿಸಬೇಕು? ಕೇವಲ ಚರಿತ್ರೆಯಾಗಿ ಉಳಿದ ಸಂಕೇತಕ್ಕೆ ಎಂಐಟಿ ಸಾಕು; ಮೂಲದ ಹಕ್ಕುಸೂಚನೆಯನ್ನು ಉಳಿಸಿಕೊಳ್ಳಬೇಕೆಂಬುದೊಂದೇ ಅದರ ಷರತ್ತು. ತೆರಿಗೆದಾರರ ಹಣದಲ್ಲಿ ಸಿದ್ಧವಾಗಿ ಇಂದಿಗೂ ದುಡಿಯುತ್ತಿರುವ ಸಂಕೇತಕ್ಕೆ ಜಿಪಿಎಲ್ ಲೇಸೆಂಬುದು ನನ್ನ ಅಭಿಮತ. ಅದರಡಿ ತಿದ್ದಿ ಹಂಚುವವರು, ಪಡೆದವರಿಗೆ ತಮ್ಮ ತಿದ್ದುಪಡಿಯ ಮೂಲಸಂಕೇತವನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಸಾರ್ವಜನಿಕ ಬಂಡವಾಳ ಮತ್ತೆ ಖಾಸಗಿ ಬೀಗದೊಳಗೆ ಸೇರದಿರಲು ಇದು ನೆರವಾಗುತ್ತದೆ.

ಸರ್ಕಾರಿ ತಂತ್ರಾಂಶಗಳ ಸಂಕೇತವನ್ನು ತೆರೆದಿಡುವ ನೀತಿಯನ್ನು ಕೇಂದ್ರವು 2015ರಲ್ಲಿಯೇ ರೂಪಿಸಿದೆ. ಅದು ಫಲಿಸಬೇಕಾದರೆ, ಹಕ್ಕು ಯಾರದು, ಪರವಾನಗಿ ಯಾವುದು ಎಂಬೆರಡು ಸಾಲುಗಳು ಟೆಂಡರಿನಲ್ಲಿಯೇ ಇರಬೇಕು. ಬರೆದವರು ಎದುರಿಗಿರುವಾಗ ಆ ಸಾಲುಗಳಿಗೆ ಖರ್ಚಿಲ್ಲ. ಅವರು ಹೋದ ಮೇಲೆ, ನನ್ನಂಥ ಅಧಿಕಾರಿಯ ಲೇಖನಿ ಮೇಲೇಳುವುದಿಲ್ಲ.