ಗಾಲೆಯ ಜಗುಲಿಯಲ್ಲಿ ಬೈನೆ ಬೆಲ್ಲ

ಬಾಗಿಲಿಗೆ ಬೀಗ ಬಿದ್ದಿತ್ತು. ಚಾವಿ ತರಬೇಕಾದವರ ಫೋನು ರಿಂಗಾಗಿ ರಿಂಗಾಗಿ ಸುಮ್ಮನಾಗುತ್ತಿತ್ತು. ಫೆಬ್ರವರಿ ತಿಂಗಳ ಮಧ್ಯಾಹ್ನ ಒಂದೂವರೆ ಗಂಟೆ. ಕಲ್ಲುಹಾಸಿನಿಂದ ಏಳುವ ಕಾವು ಚಪ್ಪಲಿ ದಾಟಿ ಕಾಲಿಗೆ ತಾಗುತ್ತಿತ್ತು. ನಾಲ್ಕು ಚೀಲ, ಒಂದು ಪುಟ್ಟ ಕುಕ್ಕರು, ಸಾರಿನ ಪುಡಿಯ ಡಬ್ಬಿ, ಹನ್ನೊಂದು ವರ್ಷದ ಮಗಳು, ಆರು ವರ್ಷದ ಮಗ. ಮಗನಿಗೆ ಅರ್ಜೆಂಟಾಗಿ ಒಂದಕ್ಕೆ ಹೋಗಬೇಕಿತ್ತು. ಶ್ರೀಲಂಕಾದ ಗಾಲೆ ಕೋಟೆಯೊಳಗೆ ನಮ್ಮ ಸಂಸಾರ ಕಾಲಿಟ್ಟದ್ದು ಹೀಗೆ.

ಎದುರು ಮನೆಯ ಜಗುಲಿಯಲ್ಲಿ ತಲೆಗೆ ಸೆರಗು ಹೊದ್ದ ವಯಸ್ಸಾದ ಹೆಂಗಸೊಬ್ಬರು ಕೂತಿದ್ದರು. ನಮ್ಮನ್ನು ಒಂದೈದು ನಿಮಿಷ ನೋಡಿದವರು ಎದ್ದು ಬಂದು ಮಗನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು. ಏನೂ ಕೇಳಲಿಲ್ಲ. ಅವನು ಹಗುರಾಗಿ ಹೊರಬರುವ ಹೊತ್ತಿಗೆ ನಾನು, ಗಂಡ, ಮಗಳು ಮೂವರೂ ಅವರ ಜಗುಲಿಯ ಬೆಂಚಿನ ಮೇಲಿದ್ದೆವು. ಹಾಲು ಹಾಕದ ಕಪ್ಪು ಚಹಾ ಬಂತು, ಜೊತೆಗೆ ತಟ್ಟೆಯಲ್ಲಿ ಕಂದುಬಣ್ಣದ ಬೆಲ್ಲದ ಚೂರುಗಳು. ಚಹಾಕ್ಕೆ ಸಕ್ಕರೆ ಹಾಕಿರಲಿಲ್ಲ. ಬೆಲ್ಲ ಕಚ್ಚಿ ಚಹಾ ಗುಟುಕರಿಸಬೇಕು ಎಂದು ಅವರೇ ಮಾಡಿ ತೋರಿಸಿದರು.

ನಾಲಗೆಗೆ ತಾಗಿದ ಕೂಡಲೇ ಆ ಬೆಲ್ಲದ ಗುರುತು ಸಿಕ್ಕಿತು. ಅಲ್ಲಿ ಅದನ್ನು ಕಿತುಲ್ ಎನ್ನುತ್ತಾರೆ. ನಮ್ಮ ಕಡೆ ಬೈನೆ ಮರ, ಬಗನಿ ಮರ ಎನ್ನುವುದು ಅದನ್ನೇ. ಅದರ ಹೂಗೊನೆಯಿಂದ ಇಳಿಸಿದ ನೀರಾವನ್ನು ಕಾಯಿಸಿ ಮಾಡಿದ ಬೆಲ್ಲ. ನಾನು ಹೊನ್ನಾವರದವಳು. ಬಂದವರ ಮುಂದೆ ಬೆಲ್ಲ, ನೀರು ಇಟ್ಟು ‘ಆಸರಿಗೆ ಎಂತ ಬೇಕು’ ಎಂದು ಕೇಳುವ ಮನೆಯಲ್ಲಿ ಹುಟ್ಟಿದವಳು. ಸಮುದ್ರ ದಾಟಿ ಬಂದ ಊರಿನಲ್ಲಿ, ಹೆಸರು ಗೊತ್ತಿಲ್ಲದವರ ಜಗುಲಿಯಲ್ಲಿ ಕೂತು ಬೆಲ್ಲ ಕಚ್ಚುವಾಗ ನನಗೆ ಗಂಟಲು ಕಟ್ಟಿತು.

ಒಂದು ವರ್ಷ ಮನೆ ಬಿಟ್ಟು ತಿರುಗುವುದು ಎಂದು ನಾವು ತೀರ್ಮಾನಿಸಿದಾಗ ಮನೆಯವರೆಲ್ಲ ಕೇಳಿದ್ದು ಎರಡೇ ಪ್ರಶ್ನೆ: ಮಕ್ಕಳ ಶಾಲೆ ಏನು, ದುಡ್ಡು ಎಲ್ಲಿಂದ? ಬೆಂಗಳೂರಿನ ಮನೆಯನ್ನು ಬಾಡಿಗೆಗೆ ಕೊಟ್ಟೆವು, ಮಕ್ಕಳ ಪಾಠದ ಪುಸ್ತಕ ಹೊತ್ತುಕೊಂಡೆವು. ಬೆಳಿಗ್ಗೆ ಎರಡು ತಾಸು ಪಾಠ. ಗಣಿತ ಅಪ್ಪನದು, ಉಳಿದದ್ದು ನನ್ನದು. ದಿನಕ್ಕೊಂದು ಊರು ನೋಡುವ ಪ್ರವಾಸ ಇದಲ್ಲ. ಒಂದೊಂದು ಊರಿನಲ್ಲಿ ಮೂರು, ನಾಲ್ಕು ವಾರ ಇದ್ದು ಅಲ್ಲೇ ಅಕ್ಕಿ ಕೊಂಡು, ಅಲ್ಲೇ ಬಟ್ಟೆ ಒಣಗಿಸುವ ಬದುಕು. ಹೀಗೆ ಬದುಕಿದರೆ ಒಂದು ಸಂಗತಿ ಬೇಗ ತಿಳಿಯುತ್ತದೆ. ರೈಲಿನಿಂದ ಇಳಿದ ದಿನ ನಾವು ಊರಿಗೆ ತಲುಪಿರುವುದಿಲ್ಲ, ಸಾಮಾನು ತಲುಪಿರುತ್ತದೆ.

ಕೊಲಂಬೊದಿಂದ ಗಾಲೆಗೆ ರೈಲಿನಲ್ಲಿ ಸುಮಾರು ಎರಡೂವರೆ ತಾಸು. ಬಲಗಡೆಯ ಕಿಟಕಿ ಹಿಡಿದರೆ ದಾರಿಯ ಬಹುಪಾಲು ಸಮುದ್ರ ಜೊತೆಗೇ ಬರುತ್ತದೆ. ಕೆಲವೆಡೆ ಹಳಿಗೂ ನೀರಿಗೂ ನಡುವೆ ನಾಲ್ಕು ತೆಂಗಿನಮರದಷ್ಟು ಜಾಗ. ಮಕ್ಕಳು ಕುಣಿಯುತ್ತಿದ್ದರು. ಹಿಕ್ಕಡುವದ ಹತ್ತಿರದ ಪೆರೇಲಿಯ ಬಂದಾಗ ಎದುರು ಸೀಟಿನವರು ಕೈಮುಗಿದರು. 2004ರ ಡಿಸೆಂಬರ್ 26ರಂದು ಸುನಾಮಿ ‘ಸಮುದ್ರ ದೇವಿ’ ಎಂಬ ರೈಲನ್ನು ಹಳಿಯಿಂದ ಎತ್ತಿ ಎಸೆದ ಜಾಗ ಅದು. ಆ ಒಂದೇ ರೈಲಿನಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಮಗಳು ಕಿಟಕಿಯಿಂದ ಕೈ ಒಳಗೆ ತೆಗೆದುಕೊಂಡಳು. ಗಾಲೆ ಬರುವವರೆಗೆ ಮಾತಾಡಲಿಲ್ಲ.

ಗಾಲೆಯನ್ನು ಸಿಂಹಳದವರು ‘ಗಾಲ್ಲ’ ಎನ್ನುತ್ತಾರೆ. ಅದು ದನ ಕಟ್ಟುವ ಜಾಗಕ್ಕೆ ಇದ್ದ ಮಾತು ಎಂದು ಹೇಳುವುದುಂಟು. ಪೋರ್ಚುಗೀಸರ ಭಾಷೆಯಲ್ಲಿ ‘ಗಾಲೊ’ ಎಂದರೆ ಹುಂಜ. ಹಳೆಯ ಹೆಬ್ಬಾಗಿಲಿನ ಒಳಮೈಯಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಲಾಂಛನ ಕೆತ್ತಿದ್ದಾರೆ. 1669 ಎಂಬ ಇಸವಿ, ಎರಡು ಸಿಂಹ, ತಲೆಯ ಮೇಲೆ ಹುಂಜ. ಮಗ ದಿನಾ ಆ ಹುಂಜಕ್ಕೆ ಕೈ ಬೀಸಿಯೇ ಹೊರಡುತ್ತಿದ್ದ. ಪೋರ್ಚುಗೀಸರು ಹದಿನಾರನೇ ಶತಮಾನದಲ್ಲಿ ಇಲ್ಲಿ ಕೋಟೆ ಕಟ್ಟಿದರು. 1640ರಲ್ಲಿ ಡಚ್ಚರು ಅದನ್ನು ಕಿತ್ತುಕೊಂಡು ಭೂಶಿರದ ಸುತ್ತಲೂ ಗೋಡೆ ಬೆಳೆಸಿದರು, ಹದಿನಾಲ್ಕು ಕೊತ್ತಲ ಮಾಡಿದರು. 1796ರಲ್ಲಿ ಬ್ರಿಟಿಷರ ಕೈಗೆ ಹೋಯಿತು. ಪೋರ್ಚುಗೀಸರನ್ನೂ ಡಚ್ಚರನ್ನೂ ಇಲ್ಲಿಗೆ ಎಳೆದದ್ದು ಮುಖ್ಯವಾಗಿ ದಾಲ್ಚಿನ್ನಿ. ನಮ್ಮ ಶರಾವತಿಯ ದಡಕ್ಕೆ ಕಾಳುಮೆಣಸು ಎಳೆದುಕೊಂಡು ಬಂದವರಲ್ಲಿ ಪೋರ್ಚುಗೀಸರೂ ಇದ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಅವರು ಮೆಣಸಿನ ರಾಣಿ ಎಂದು ಕರೆಯುತ್ತಿದ್ದರು ಎಂದು ಶಾಲೆಯಲ್ಲಿ ಓದಿದ್ದು ಕೋಟೆಯ ಗೋಡೆ ಮುಟ್ಟಿದಾಗ ನೆನಪಾಯಿತು.

ಪೋರ್ಚುಗೀಸರಿಗಿಂತ ಮೊದಲು ಗಾಲೆಗೆ ಬಂದವರೂ ಇದ್ದಾರೆ. ಹದಿನಾಲ್ಕನೇ ಶತಮಾನದಲ್ಲಿ ಮೊರಾಕ್ಕೊದ ಇಬ್ನ್ ಬತೂತ ಈ ಊರಿಗೆ ಬಂದ, ಇದನ್ನು ‘ಕಾಲಿ’ ಎಂದು ಬರೆದ. ಅದೇ ಮನುಷ್ಯ ಅದಕ್ಕೂ ಮೊದಲು ನಮ್ಮ ಹೊನ್ನಾವರಕ್ಕೆ ಬಂದಿದ್ದ, ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿದ್ದವೆಂದು ಬರೆದಿಟ್ಟ. ಈ ಮಾತನ್ನು ಮಗಳಿಗೆ ಹೇಳಿದಾಗ ಅವಳು, “ಹಾಗಾದರೆ ನಾವು ಅವನ ದಾರಿಯಲ್ಲೇ ಬಂದೆವಾ?” ಎಂದಳು. ಹೌದು ಅಂದೆ.

ಎರಡು ದಿನ ಮೊದಲು ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಒಂದು ಕಲ್ಲು ನೋಡಿದ್ದೆವು. ಚೀನಾದ ನೌಕಾಧಿಪತಿ ಝೆಂಗ್ ಹೇ ಹಾಕಿಸಿದ್ದು, 1409ರದು. ಅದರ ಮೇಲೆ ಚೀನೀ, ತಮಿಳು, ಪರ್ಷಿಯನ್ ಮೂರು ಭಾಷೆ. ಚೀನೀ ಬರಹದಲ್ಲಿ ಬುದ್ಧನಿಗೆ, ತಮಿಳಿನಲ್ಲಿ ವಿಷ್ಣುವಿನ ಅವತಾರವಾದ ತೆನವರೈ ನಾಯನಾರ್‌ಗೆ, ಪರ್ಷಿಯನ್ನಿನಲ್ಲಿ ಅಲ್ಲಾಹನಿಗೆ ಕಾಣಿಕೆ. ಚಿನ್ನ, ಬೆಳ್ಳಿ, ರೇಷ್ಮೆ, ಎಣ್ಣೆ ಮೂವರಿಗೂ ಹೆಚ್ಚುಕಡಿಮೆ ಸಮಸಮ. ಯಾವ ದೇವರ ಊರಿಗೆ ಹೋಗುತ್ತೇವೋ ಆ ದೇವರಿಗೆ ಮರ್ಯಾದೆ ಕೊಟ್ಟು ಹಡಗು ಕಟ್ಟಬೇಕು ಎಂಬ ಆ ತಿಳಿವಳಿಕೆ ನನಗೆ ಬಹಳ ದೊಡ್ಡದಾಗಿ ಕಂಡಿತು. ಇಂಥ ಕಲ್ಲು 1911ರಲ್ಲಿ ಸಿಕ್ಕಿದ್ದು ಎಲ್ಲಿ? ಇದೇ ಗಾಲೆಯಲ್ಲಿ, ಒಂದು ಮೋರಿಯ ಮುಚ್ಚಳವಾಗಿ.

ಮೋರಿ ಎಂದಾಗ ಹೇಳಲೇಬೇಕು. ಈ ಕೋಟೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಣ್ಣಿಗೆ ಕಾಣದ ಚರಂಡಿ. ಡಚ್ಚರು ಬೀದಿಗಳ ಅಡಿಯಲ್ಲಿ ಚರಂಡಿಗಳ ಜಾಲ ಹೆಣೆದು, ಅದರ ಬಾಯಿಗಳನ್ನು ಸಮುದ್ರಕ್ಕೆ ಬಿಟ್ಟರು. ಭರತದ ಹೊತ್ತಿಗೆ ಕಡಲ ನೀರು ಒಳಗೆ ನುಗ್ಗಿ ತುಂಬುತ್ತದೆ. ಇಳಿತದ ಹೊತ್ತಿಗೆ ಊರಿನ ಕೊಳೆಯನ್ನು ಎಳೆದುಕೊಂಡು ಹೊರಡುತ್ತದೆ. ಟ್ರೈಟನ್ ಕೊತ್ತಲದ ಮೇಲೆ ನೀರೆತ್ತಲು ಒಂದು ಗಾಳಿಗಿರಣಿಯನ್ನೂ ಇಟ್ಟಿದ್ದರಂತೆ. ಚಂದ್ರ ದಿನಕ್ಕೆರಡು ಬಾರಿ ಊರು ತೊಳೆಯುವ ಏರ್ಪಾಡು! ಹೊಳೆಯ ಅಳಿವೆಯಲ್ಲಿ ಏರಿಳಿತ ನೋಡಿ ಬೆಳೆದವಳು ನಾನು. ಆದರೆ ಆ ಏರಿಳಿತವನ್ನು ಹೀಗೆ ಮನೆಗೆಲಸಕ್ಕೆ ಹಚ್ಚಬಹುದೆಂದು ನನಗೆಂದೂ ಹೊಳೆದಿರಲಿಲ್ಲ. 1988ರಲ್ಲಿ ಯುನೆಸ್ಕೊ ಈ ಕೋಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸುವಾಗ ಈ ಚರಂಡಿಯನ್ನೂ ಲೆಕ್ಕಕ್ಕೆ ಹಿಡಿದಿತ್ತು.

ಚಾವಿ ಬಂದದ್ದು ನಾಲ್ಕು ಗಂಟೆಗೆ. ಅಷ್ಟರಲ್ಲಿ ಮಗ ಎದುರು ಮನೆಯ ಬೆಕ್ಕಿನ ಸ್ನೇಹ ಮಾಡಿದ್ದ. ಆ ಅಜ್ಜಿ ಮೂರ್ ಎಂಬ ಲಂಕೆಯ ಮುಸ್ಲಿಂ ಸಮುದಾಯದವರು. ಅವರ ಮನೆಮಾತು ತಮಿಳು. ಬೆಂಗಳೂರಿನಲ್ಲಿ ಕಲಿತ ನನ್ನ ಹರಕು ತಮಿಳು ಸಾಕಾಯಿತು. ಅವರು ನಮ್ಮ ಮನೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು. ಯಾವ ಕಿಟಕಿ ಸಂಜೆ ತೆರೆದರೆ ಗಾಳಿ ಬರುತ್ತದೆ, ಯಾವ ಗೋಡೆ ಉಪ್ಪು ಬಿಡುತ್ತದೆ ಎಂದೆಲ್ಲ ಹೇಳಿದರು. ಹವಳದ ಕಲ್ಲು, ಸುಣ್ಣದ ಗಾರೆ ಸೇರಿಸಿ ಕಟ್ಟಿದ ಮೊಳಗಟ್ಟಲೆ ದಪ್ಪದ ಗೋಡೆ. ಮುಂದೆ ಕಂಬಗಳ ಜಗುಲಿ, ನಡುವೆ ತೆರೆದ ಅಂಗಳ. ಸಿಂಹಳದಲ್ಲಿ ಆ ಜಗುಲಿಗೆ ‘ಇಸ್ತೋಪ್ಪುವ’ ಎಂಬ ಹೆಸರು. ಡಚ್ಚರ ‘ಸ್ಟೂಪ್’ ಎಂಬ ಮಾತು ಬಾಯಿಂದ ಬಾಯಿಗೆ ಹೊರಳಿ ಹಾಗಾಗಿದೆ. ನಾವು ಬಾಗಿಲಲ್ಲಿ ನಿಂತು ಕಾದ ‘ಚಾವಿ’ಯೂ ಪೋರ್ಚುಗೀಸರದೇ, ಕನ್ನಡದ ಬಾಯಿಗೆ ಬಿದ್ದು ನಮ್ಮದಾಗಿದೆ.

ಮರುದಿನ ಬೆಳಿಗ್ಗೆ ಆಟೋ ಒಂದು ಬೇಥೊವನ್‌ನ ಸಂಗೀತ ನುಡಿಸುತ್ತ ಬಂತು. ಬ್ರೆಡ್ ಮಾರುವ ಆಟೋ! ಶ್ರೀಲಂಕಾದ ಬೀದಿಬೀದಿಯಲ್ಲೂ ಅದೇ ಧಾಟಿ ಕೇಳುತ್ತದೆ. ಬ್ರೆಡ್ಡಿಗೆ ಅಲ್ಲಿ ‘ಪಾನ್’ ಎನ್ನುತ್ತಾರೆ. ಅದೂ ಪೋರ್ಚುಗೀಸರದೇ, ನಮ್ಮ ಕರಾವಳಿಯ ಪಾವಿನ ಸೋದರ. ಮಾರುವವನು ಮಗನ ಕೆನ್ನೆ ತಟ್ಟಿ ‘ಪುತಾ’ ಎಂದ. ಮಗ ಓಡಿ ಬಂದ. “ಅಮ್ಮಾ, ಅವನಿಗೆ ನನ್ನ ಹೆಸರು ಹೇಗೆ ಗೊತ್ತು?” ಮನೆಯಲ್ಲಿ ಅವನನ್ನು ಕರೆಯುವುದು ಪುಟ್ಟ ಎಂದೇ. ಸಿಂಹಳದಲ್ಲಿ ‘ಪುತಾ’ ಎಂದರೆ ಮಗ. ಅಕ್ಕನಿಗೆ ಅಲ್ಲಿಯೂ ಅಕ್ಕ, ತಂಗಿಗೆ ನಂಗಿ, ಅನ್ನಕ್ಕೆ ಬತ್. ಅಂಗಡಿ ಬೋರ್ಡುಗಳ ದುಂಡು ಅಕ್ಷರ ಮೊದಲ ನೋಟಕ್ಕೆ ಕನ್ನಡವೇ ಅನ್ನಿಸಿ, ಓದಲು ಹೋದರೆ ಕೈಗೆ ಸಿಗುವುದಿಲ್ಲ. ಮಗಳು ಊರಿನ ಹೆಸರಿನಿಂದ ಶುರು ಮಾಡಿ ವಾರದೊಳಗೆ ಹತ್ತಿಪ್ಪತ್ತು ಅಕ್ಷರ ಗುರುತು ಹಿಡಿದಳು.

ಸಂತೆಯಲ್ಲಿ ನನಗೂ ಹಾಗೇ ಆಯಿತು. ಕಟ್ಟುಕಟ್ಟಾಗಿ ಮಾರುತ್ತಿದ್ದ ‘ಗೊಟುಕೊಲ’ ನೋಡಿದರೆ ನಮ್ಮ ಒಂದೆಲಗ. ಕಪ್ಪಗೆ ಒಣಗಿಸಿಟ್ಟ ‘ಗೊರಕ’ ಮೂಸಿದರೆ ಉಪ್ಪಾಗೆ. ಅವತ್ತು ರಾತ್ರಿ ಮನೆಯಲ್ಲಿ ಒಂದೆಲಗದ ತಂಬುಳಿ, ಅನ್ನ. ಎದುರು ಮನೆಗೂ ಒಂದು ಬಟ್ಟಲು ಹೋಯಿತು. ಅವರದ್ದೆಂದರೆ ಅದೇ ಸೊಪ್ಪಿಗೆ ಕಾಯಿತುರಿ, ಈರುಳ್ಳಿ, ನಿಂಬೆರಸ ಹಾಕಿ ಕಲಸಿದ ಸಂಬೋಲ. ನಾವು ಮೀನು ತಿನ್ನುವುದಿಲ್ಲವೆಂದು ಮಾಲ್ದೀವ್ ಮೀನಿನ ಪುಡಿ ಬಿಟ್ಟು ಬೇರೆಯಾಗಿ ಮಾಡಿ ಕಳಿಸುತ್ತಿದ್ದರು. ಒಂದು ದಿನವೂ ಮರೆಯಲಿಲ್ಲ.

ಸುನಾಮಿಯ ದಿನದ ಕತೆಯನ್ನು ಅವರೇ ಹೇಳಿದರು. ಅಂದು ಹುಣ್ಣಿಮೆ, ಲಂಕೆಯಲ್ಲಿ ಪೋಯ ರಜೆ. ನೀರು ಗೋಡೆಗೆ ಬಡಿದು ಎರಡೂ ಪಕ್ಕದಿಂದ ಸುತ್ತಿಕೊಂಡು ಹೊಸ ಊರಿಗೆ ನುಗ್ಗಿತು. ಕೋಟೆಯ ಹೊರಗಿನ ಬಸ್ ನಿಲ್ದಾಣ, ಕ್ರಿಕೆಟ್ ಮೈದಾನ ಕಣ್ಣೆದುರೇ ಮುಳುಗಿದವು. ಫಿರಂಗಿಗೆಂದು ಕಟ್ಟಿದ ಗೋಡೆ ಕಡಲಿಗೆ ಅಡ್ಡ ನಿಂತು ಒಳಗಿನ ಜನರನ್ನು ಉಳಿಸಿತು. ಆ ಮೈದಾನ ಮತ್ತೆ ಟೆಸ್ಟ್ ಪಂದ್ಯ ಕಂಡದ್ದು 2007ರ ಡಿಸೆಂಬರಿನಲ್ಲಿ. 2010ರಲ್ಲಿ ಮುರಳೀಧರನ್ ಭಾರತದ ವಿರುದ್ಧ ತನ್ನ ಎಂಟುನೂರನೇ ವಿಕೆಟ್ ತೆಗೆದದ್ದೂ ಅಲ್ಲೇ. ಕೋಟೆಗೋಡೆಯ ಮೇಲೆ ನಿಂತರೆ ಮೈದಾನ ಪೂರಾ ಕಾಣುತ್ತದೆ.

ಇನ್ನೊಂದು ಸಂಜೆ ಅಜ್ಜಿ ಮಗಳಿಗೆ ಬೇರೆ ಲೆಕ್ಕ ಕೊಟ್ಟರು: “ರಾತ್ರಿ ಎಂಟಕ್ಕೆ ಈ ಬೀದಿಯಲ್ಲಿ ಅಡುಗೆಮನೆ ದೀಪ ಉರಿಯುವ ಮನೆ ಎಷ್ಟು, ಎಣಿಸಿ ಬಾ.” ಅವಳು ಎಣಿಸಿ ಬಂದಳು. ಐದು. ಉಳಿದವು ಹೋಟೆಲು, ಆಭರಣದಂಗಡಿ, ಇಲ್ಲವೇ ಬೀಗ. ಕಳೆದ ಎರಡು, ಮೂರು ದಶಕಗಳಲ್ಲಿ ಇಲ್ಲಿನ ಅನೇಕ ಹಳೆಯ ಮನೆಗಳನ್ನು ಹೊರದೇಶದವರು ಕೊಂಡು ಚೆಂದವಾಗಿ ರಿಪೇರಿ ಮಾಡಿಸಿದ್ದಾರೆ. ಗೋಡೆ ಉಳಿದಿದೆ. ಒಗ್ಗರಣೆಯ ವಾಸನೆ ಉಳಿದಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಕೊಲಂಬೊದಲ್ಲಿ ಅಲೆತಡೆ ಕಟ್ಟಿ ಹಡಗುಗಳು ಅತ್ತ ತಿರುಗಿದ ಮೇಲೆ ಗಾಲೆ ಬಡವಾಯಿತು, ಬಡವಾದ್ದರಿಂದಲೇ ಹಳೆಯ ರೂಪದಲ್ಲಿ ಉಳಿಯಿತು. ಈಗ ಆ ರೂಪಕ್ಕೇ ಬೆಲೆ ಬಂದು ಜನ ಖಾಲಿಯಾಗುತ್ತಿದ್ದಾರೆ. ನಾವು ಬಾಡಿಗೆ ಕೊಟ್ಟು ಇದ್ದ ಮನೆಯೂ ಹಿಂದೆ ಒಂದು ಸಂಸಾರದ್ದೇ. ಅದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಂಥವರು ಬರಬಾರದು ಎನ್ನಲು ಬಾಯಿ ಬಾರದು. ಆದರೆ ಜನ ಬಾಳುತ್ತಿರುವ ಮನೆಯ ಒಂದು ಕೋಣೆಯನ್ನೇ ಹುಡುಕಿ ಇಳಿಯಬಹುದಿತ್ತು. ಮುಂದಿನ ಊರಿನಿಂದ ನಾವು ಹಾಗೇ ಮಾಡಿದೆವು.

ಹೊರಡಲು ನಾಲ್ಕು ದಿನವಿರುವಾಗ ಪೋಯ ಬಂತು. ಬಿಳಿ ಬಟ್ಟೆ ತೊಟ್ಟ ಸಂಸಾರಗಳು ಸುತ್ತಲ ಹಳ್ಳಿಗಳಿಂದ ಬಂದು ಗೋಡೆಯ ಮೇಲೆಲ್ಲ ತುಂಬಿದ್ದವು. ಗಾಳಿಪಟ, ಮಾವಿನಕಾಯಿಗೆ ಉಪ್ಪುಖಾರ, ಬಿಸಿ ವಡೆ. 1939ರ ದೀಪಸ್ತಂಭದ ಬಿಳಿ ಮೈ ಸಂಜೆಬೆಳಕಿಗೆ ಕೆಂಪಾಗಿತ್ತು. ಕೊಲ್ಲಿಯ ಆಚೆ ರುಮಸ್ಸಲ ಗುಡ್ಡ. ಸಂಜೀವಿನಿ ಪರ್ವತ ಹೊತ್ತ ಹನುಮಂತನ ಕೈಯಿಂದ ಜಾರಿದ ತುಂಡು ಅದು ಎಂಬುದು ಇಲ್ಲಿನ ನಂಬಿಕೆ. ಯಕ್ಷಗಾನದ ಹನುಮಂತನನ್ನು ಮಾತ್ರ ನೋಡಿದ್ದ ಮಗ ಅದನ್ನೇ ದಿಟ್ಟಿಸುತ್ತ ನಿಂತವನು ಗುಂಪಿನಲ್ಲಿ ಹಿಂದುಳಿದುಬಿಟ್ಟ. ನಾನು ಬೆಚ್ಚಿ ಹಿಂತಿರುಗುವಷ್ಟರಲ್ಲಿ ಕೊತ್ತಲದ ಆ ಕಡೆಯಿಂದ ಅವನ ದನಿ ಕೇಳಿತು.

“ಅಮ್ಮಾ!”

ನನ್ನ ಜೊತೆಗೆ, ಗೋಡೆಯುದ್ದಕ್ಕೂ ಹತ್ತಾರು ಹೆಂಗಸರು ಒಟ್ಟಿಗೆ ಅವನ ಕಡೆ ತಿರುಗಿದರು.